ಹಿಮಕ್ಕೆ ಟೈರು ಆರಿಸಿದ ಉಗ್ರಪ್ಪ

ಉಗ್ರಪ್ಪನಿಗೆ ಎರಡೂ ಕಾಲು ಸೇರಿಸಿದರೆ ಏಳು ಬೆರಳು. ಬಲಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ ಎರಡನ್ನೂ ಲಡಾಖಿನ ಹಿಮ ತಿಂದುಹಾಕಿತ್ತು. ಮಿಲಿಟರಿ ಲಾರಿ ಓಡಿಸುತ್ತಿದ್ದವನನ್ನು ಸೈನ್ಯ ಮನೆಗೆ ಕಳಿಸಿದ್ದು ಅದಕ್ಕೇ. ಕಾಲ ಕೆಟ್ಟವನಿಗೆ ಯಾರಾದರೂ ಕೆಲಸ ಕೊಟ್ಟಾರು, ಕಾಲು ಕೆಟ್ಟ ಡ್ರೈವರಿಗೆ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ರಾಜಾಜಿನಗರದ ಕಾರ್ಖಾನೆ ಮಾಲೀಕ ರೇವಣಸಿದ್ದಪ್ಪನವರ ಅಂಬಾಸಡರಿಗೆ ಡ್ರೈವರಾಗಿ ಸೇರುವಾಗ, ಸೈನ್ಯದಲ್ಲಿ ಜಬಲ್ಪುರದ ಡಿಪೋ ಬಿಟ್ಟು ಬೇರೆಲ್ಲೂ ಇರಲಿಲ್ಲ ಎಂದುಬಿಟ್ಟ. ಬಲಗಾಲಿನ ಶೂ ತುದಿಗೆ ಹಳೇ ಬನಿಯನ್ ತುರುಕಿಕೊಂಡು ನಾಲ್ಕು ವರ್ಷ ಓಡಿಸಿದ. ಒಂದು ನಾಯಿಗೂ ತಾಗಿಸಲಿಲ್ಲ.

ಕಷ್ಟವಿದ್ದದ್ದು ಆಯುಧಪೂಜೆಯ ದಿನ. ಕಾರಿನ ಮುಂದೆ ಬರಿಗಾಲಲ್ಲಿ ನಿಂತು ಮಂಗಳಾರತಿ ತೆಗೆದುಕೊಳ್ಳಬೇಕಲ್ಲ! ಅದಕ್ಕೇ ಪ್ರತಿ ವರ್ಷ ಆ ದಿನಕ್ಕೆ ಸರಿಯಾಗಿ ಊರಲ್ಲಿ ಯಾರಿಗಾದರೂ ಸೀರಿಯಸ್ ಆಗುತ್ತಿತ್ತು. ಅಜ್ಜಿಯೊಬ್ಬಳೇ ಎರಡು ಸಲ ಸತ್ತಳು. ರೇವಣಸಿದ್ದಪ್ಪನವರ ಹೆಂಡತಿ ನೀಲಮ್ಮ ಎರಡು ಸಲವೂ ಮನಸಾರೆ ಮರುಗಿ, ಹೋಳಿಗೆ ಕಟ್ಟಿಕೊಟ್ಟರು.

ಎಪ್ಪತ್ತಾರರ ನವೆಂಬರಿನಲ್ಲಿ ಅತ್ತಿಗುಪ್ಪೆಯ ಸೇತುರಾಮ ಎಂಬ ಸ್ನೇಹಿತರು ಕಾಶ್ಮೀರ ನೋಡಿ ಬಂದರು. ಮಂಕಿ ಕ್ಯಾಪು ಹಾಕಿಕೊಂಡು ಹಿಮದ ಮೇಲೆ ನಿಂತ ಫೋಟೋವನ್ನು ರೇವಣಸಿದ್ದಪ್ಪನವರ ಮುಂದೆ ಮೂರು ಸಲ ಹಿಡಿದರು.

"ಅವನು ಹೋಗಿದ್ದು ರೈಲಲ್ಲಿ. ನಾನು ಕಾರಲ್ಲೇ ಹೋಗ್ತೀನಿ. ಅದೂ ಡಿಸೆಂಬರಲ್ಲಿ," ಎಂದರು ರೇವಣಸಿದ್ದಪ್ಪ. ಹಿಮ ಕಾಣದವರ ಹಮ್ಮಿಗೆ ಹಿಮಾಲಯವೂ ಗಿಡ್ಡ.

ಕಾರಿನಲ್ಲಿ ಅವರು, ನೀಲಮ್ಮ, ಇಬ್ಬರು ಹೆಣ್ಣುಮಕ್ಕಳು. ಉಳಿದ ಪ್ರಶ್ನೆ ಒಂದೇ: ಹಿಮದ ಮೇಲೆ ಓಡಲು ಎಂಥ ಟೈರು ಬೇಕು? ಉತ್ತರ ನೀಲಮ್ಮನ ತಮ್ಮ ಗುರುಬಸಪ್ಪನ ಬಳಿ ಸಿದ್ಧವಾಗಿತ್ತು. ಅವನದು ಮಾರೇನಹಳ್ಳಿಯಲ್ಲಿ ಟೈರ್ ರೀಸೋಲಿಂಗ್ ಅಂಗಡಿ. ಸವೆದ ಟೈರಿಗೆ ಹೊಸ ರಬ್ಬರು ಬೇಯಿಸಿ ಅಂಟಿಸುವುದು ಕಸುಬು. ಸೋಲು ಅಂಗಡಿಯ ಹೆಸರಿನಲ್ಲೇ ಇತ್ತು, ಅವನ ಮುಖದಲ್ಲಿ ಮಾತ್ರ ಎಂದೂ ಇರಲಿಲ್ಲ.

"ಭಾವ, ಕಲ್ಲಿನಂಥ ರಬ್ಬರ್ ಹಾಕ್ತೀನಿ. ಟ್ರ್ಯಾಕ್ಟರ್ ಟೈರ್ ಥರ ದಪ್ಪ ದಪ್ಪ ಕಟ್ಟೆ. ಹಿಮಾನ ಮುದ್ದೆ ಮುರಿದಂಗೆ ಮುರ್ಕೊಂಡು ಹೋಗುತ್ತೆ," ಎಂದ.

ಉಗ್ರಪ್ಪ ಕಾರು ಒರೆಸುತ್ತಲೇ ಮೆಲ್ಲಗೆ ಹೇಳಿದ: "ಸಾರ್, ಚಳೀಗೆ ಗಟ್ಟಿ ರಬ್ಬರು ಇನ್ನೂ ಗಟ್ಟಿಯಾಗಿ ಜಾರುತ್ತೆ. ಮೆತ್ತಗಿರೋ ಹೊಸ ಟೈರು ಬೇಕು. ಹಿಂದಿನ ಚಕ್ರಕ್ಕೆ ಚೈನ್ ಸುತ್ತಬೇಕು. ರೀಸೋಲ್ ಮೇಲೆ ಚೈನ್ ಹಾಕಿದ್ರೆ ಸಿಪ್ಪೆ ಥರ ಕಿತ್ಕೊಂಡು ಬರುತ್ತೆ."

"ಚೈನಾ? ಏನೋ, ಕಾರೋ ಆನೆಯೋ?" ಎಂದ ಗುರುಬಸಪ್ಪ. ಎಲ್ಲರೂ ನಕ್ಕರು. "ಜಬಲ್ಪುರದಲ್ಲಿ ಹಿಮ ಬೀಳ್ತಿತ್ತೇನಪ್ಪ?"

ಉಗ್ರಪ್ಪ ಕಾರಿನ ಇನ್ನೊಂದು ಮಗ್ಗುಲು ಒರೆಸಲು ಹೋದ.

ಟೈರಿನ ವಾದ ಪ್ರಯೋಗಕ್ಕೆ ತಿರುಗಿತು. ಮುಂದಿನ ಭಾನುವಾರ ಐಸ್ ಫ್ಯಾಕ್ಟರಿಯಿಂದ ಮರದ ಹೊಟ್ಟು ಮೆತ್ತಿದ ಎಂಟು ಐಸ್ ಚಪ್ಪಡಿಗಳು ಎತ್ತಿನ ಗಾಡಿಯಲ್ಲಿ ಬಂದವು. ಕಾಂಪೌಂಡಿನೊಳಗೆ ಸಾಲಾಗಿ ಹಾಸಿದರು. ಅರ್ಧ ಬೀದಿ ಗೇಟಿಗೆ ಬಂದು ನಿಂತಿತು. ಗುರುಬಸಪ್ಪ ತನ್ನ ರೀಸೋಲ್ ಟೈರು ಹಾಕಿದ ಅಂಬಾಸಡರನ್ನು ಅದರ ಮೇಲೆ ಓಡಿಸಿಯೇಬಿಟ್ಟ. ಬಿಸಿಲಿಗೆ ಕರಗುತ್ತಿದ್ದ ಐಸು ಕರಕರ ಮುರಿಯಿತು, ಹೊಟ್ಟು ಟೈರಿಗೆ ಅಂಟಿ ಹಿಡಿತ ಕೊಟ್ಟಿತು, ಕಾರು ಎಮ್ಮೆಯಂತೆ ನೆಟ್ಟಗೆ ನಡೆಯಿತು. ಚಪ್ಪಾಳೆ ಬಿತ್ತು.

"ನೋಡಿದ್ಯೇನೋ ಜಬಲ್ಪುರ?" ಎಂದ ಗುರುಬಸಪ್ಪ.

ನೀಲಮ್ಮನ ಚಿಕ್ಕ ಮಗಳು ಐಸಿನ ಚೂರು ಬಾಯಿಗೆ ಹಾಕಿಕೊಂಡು ಕಾರಿನ ಬಾನೆಟ್ ಹತ್ತಿ ಕೂತಿದ್ದಳು. ಉಗ್ರಪ್ಪ ಅವಳನ್ನೊಮ್ಮೆ ನೋಡಿದ. ಲಡಾಖಿನಲ್ಲಿ ತನ್ನ ಲಾರಿ ಜಾರಿ ಉರುಳಿದಾಗ ಪಕ್ಕದಲ್ಲಿ ಕೂತಿದ್ದವನು ನೆನಪಾದ. ಅವನನ್ನು ಹೊರಗೆಳೆಯುವಷ್ಟರಲ್ಲಿ ಅವನು ಕಟ್ಟಿಗೆಯಾಗಿದ್ದ.

"ಇದು ಹಿಮ ಅಲ್ಲ ಸಾರ್. ಈ ಟೈರಲ್ಲಿ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ."

"ನಿಂಗೆ ಹೆಂಗೋ ಗೊತ್ತು?" ಎಂದರು ರೇವಣಸಿದ್ದಪ್ಪ, ಸಿಟ್ಟಾಗಿ.

ಉಗ್ರಪ್ಪ ಮೆಟ್ಟಿಲ ಮೇಲೆ ಕೂತ. ಬಲಗಾಲಿನ ಶೂ ಬಿಚ್ಚಿದ, ಬನಿಯನ್ ತುಂಡು ತೆಗೆದ, ಕಾಲುಚೀಲ ಎಳೆದ.

ಗೇಟಿನ ಬಳಿ ಯಾರೋ ಥೂ ಎಂದರು. ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉಗ್ರಪ್ಪ ಲಡಾಖಿನ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದ.

ರೇವಣಸಿದ್ದಪ್ಪನವರು ಮೆಟ್ಟಿಲ ಹತ್ತಿರ ಬಂದು ಆ ಕಾಲನ್ನು ನೋಡಿದರು. ಆಮೇಲೆ, "ಇದು ಬಲಗಾಲು ಅಲ್ವೇನೋ?" ಎಂದರು.

"ಹೌದು ಸಾರ್."

"ಬ್ರೇಕ್ ತುಳಿಯೋ ಕಾಲು."

"ನಾಲ್ಕು ವರ್ಷದಿಂದ ಇದರಲ್ಲೇ ತುಳೀತಾ ಇದೀನಿ ಸಾರ್."

"ಅದೇ ಹೇಳ್ತಾ ಇರೋದು," ಎಂದರು ರೇವಣಸಿದ್ದಪ್ಪ.

ಆದರೆ ಅವತ್ತೇ ರೀಸೋಲ್ ಟೈರು ಬಿಚ್ಚಿಸಿದರು. "ನೀನೇ ಆರಿಸಪ್ಪ," ಎಂದು ಬೆನ್ನು ತಟ್ಟಿದರು. ಉಗ್ರಪ್ಪನಿಗೆ ಕೆಲಸ ಉಳಿಯಿತು ಎನಿಸಿತು. ಎರಡು ದಿನ ಊರೆಲ್ಲ ಸುತ್ತಿದ. ಅಂಗಡಿಯವರು ಬೈದರೂ ಬಿಡದೆ ಒಂದೊಂದು ಟೈರನ್ನೂ ಉಗುರಿನಿಂದ ಒತ್ತಿ, ಗೀರು ಮೂಡುವಷ್ಟು ಮೆತ್ತಗಿರುವ ನಾಲ್ಕನ್ನು ಹುಡುಕಿದ. ಶಿವಾಜಿನಗರದ ಗುಜರಿಯಲ್ಲಿ ಮಿಲಿಟರಿ ಜೀಪಿನ ಚೈನು ಹುಡುಕಿ, ಕೊಂಡಿ ಕತ್ತರಿಸಿ ಅಂಬಾಸಡರಿಗೆ ಹೊಂದಿಸಿದ. "ಗೋಪೀನಾಥನಿಗೂ ಒಂಚೂರು ಕಲಿಸಿಕೊಡು, ದಾರೀಲಿ ನಿನಗೆ ಸಹಾಯಕ್ಕೆ ಇರ್ಲಿ," ಎಂದರು ರೇವಣಸಿದ್ದಪ್ಪ. ಗೋಪೀನಾಥ ಕಾರ್ಖಾನೆಯ ವ್ಯಾನ್ ಡ್ರೈವರು. ಚೈನು ಹೇಗೆ ಸುತ್ತಬೇಕು, ಜಾರಿದಾಗ ಯಾಕೆ ಬ್ರೇಕ್ ಒತ್ತಬಾರದು, ಎಲ್ಲವನ್ನೂ ಉಗ್ರಪ್ಪ ಅವನಿಗೆ ಕಲಿಸಿದ. ಗೋಪೀನಾಥ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಹೊರಡುವ ಬೆಳಿಗ್ಗೆ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿತ್ತು. ಉಗ್ರಪ್ಪ ಅಂದು ಮೊದಲ ಸಲ ಬರಿಗಾಲಲ್ಲಿ ಕಾರಿನ ಮುಂದೆ ನಿಂತು ಮಂಗಳಾರತಿ ತೆಗೆದುಕೊಂಡ. ಬ್ಯಾಗನ್ನು ಡಿಕ್ಕಿಗೆ ಹಾಕಲು ಹೋದಾಗ ಗೋಪೀನಾಥ ಸ್ಟೀರಿಂಗ್ ಮುಂದೆ ಕೂತಿದ್ದ.

"ತಪ್ಪು ತಿಳ್ಕೋಬೇಡ ಉಗ್ರಪ್ಪ," ಎಂದರು ನೀಲಮ್ಮ, ಒಡೆದ ತೆಂಗಿನಕಾಯಿಯ ಹೋಳು ಅವನ ಕೈಗಿಡುತ್ತಾ. "ಗಾಡೀಲಿ ಮಕ್ಕಳಿದಾರೆ. ನೀನೇ ಹೇಳಿದ್ಯಲ್ಲ."

"ಅಮ್ಮಾವ್ರೇ, ವಾಪಸ್ ಬಂದ್ಮೇಲಾದ್ರೂ...?"

ನೀಲಮ್ಮ ಗಂಡನ ಕಡೆ ನೋಡಿದರು. ರೇವಣಸಿದ್ದಪ್ಪನವರು ವಾಚು ನೋಡಿಕೊಂಡರು. ಕಾರು ನಿಂಬೆಹಣ್ಣು ಜಜ್ಜಿಕೊಂಡು ಹೊರಟಿತು.

ಅವರು ಕೂದಲೂ ಕೊಂಕದೆ ಹೋಗಿ ಬಂದರು. ಹಿಮದಲ್ಲಿ ಎರಡು ಬಸ್ಸು, ಒಂದು ಟ್ಯಾಕ್ಸಿ ಜಾರಿ ನಿಂತಿದ್ದವಂತೆ. ಅಂಬಾಸಡರು ಅವನ್ನು ದಾಟಿಕೊಂಡು ಹೋಯಿತಂತೆ. ರೇವಣಸಿದ್ದಪ್ಪನವರು ಕೃತಘ್ನರಲ್ಲ. ಮದುವೆ ಮನೆಗಳಲ್ಲಿ, ಕ್ಲಬ್ಬಿನಲ್ಲಿ, ಸಿಕ್ಕವರಿಗೆಲ್ಲ ಉಗ್ರಪ್ಪನನ್ನು ಹೊಗಳಿದರು: "ಎಂಥಾ ನಿಯತ್ತಿನ ಮನುಷ್ಯ ಅಂತೀರಿ! ಮೂರು ಬೆರಳೇ ಇಲ್ಲ, ಬ್ರೇಕ್ ಕಾಲಲ್ಲಿ!" ಬೈದಿದ್ದರೆ ಒಂದು ಬಡಾವಣೆಯಲ್ಲಿ ಕೆಲಸ ತಪ್ಪುತ್ತಿತ್ತು. ಹೊಗಳಿದ್ದರಿಂದ ರಾಜಾಜಿನಗರದಿಂದ ಕೆಂಗೇರಿಯವರೆಗೆ ತಪ್ಪಿತು.

ಆರು ತಿಂಗಳ ನಂತರ ವಿಜಯನಗರದ ಲಾಯರ್ ಪುರುಷೋತ್ತಮ ಡ್ರೈವರ್ ಬೇಕೆಂದು ಹೇಳಿಕಳಿಸಿದರು. ಉಗ್ರಪ್ಪ ಕುರುಬರಹಳ್ಳಿಯ ತನ್ನ ರೂಮಿನಿಂದ ನಡೆದೇ ಹೋದ.

ಹೆಸರು ಕೇಳುವ ಮೊದಲೇ ಲಾಯರು, "ಶೂ ಬಿಚ್ಚಿ," ಎಂದರು.

ಉಗ್ರಪ್ಪ ಎಡಗಾಲಿನದು ಬಿಚ್ಚಿದ.

"ಇನ್ನೊಂದು."

ಬಿಚ್ಚಿದ. ಲಾಯರು ಒಳಗಿದ್ದ ತಾಯಿಯನ್ನು ಕರೆದರು. ಕಮಲಾಕ್ಷಮ್ಮ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿ, "ಅಯ್ಯೋ ಪಾಪ, ನಿಜ ಕಣೋ," ಎಂದು ಒಳಗೆ ಹೋದರು.

"ಕೆಲಸ ಕಷ್ಟ ಇವರೇ, ನಾಳೆ ಏನಾದ್ರೂ ಆದ್ರೆ ಕೋರ್ಟಲ್ಲಿ ನಾನೇ ಉತ್ತರ ಹೇಳ್ಬೇಕು," ಎಂದರು ಪುರುಷೋತ್ತಮ. "ಹೆಂಗೂ ಬಂದಿದೀರಲ್ಲ, ನಮ್ಮ ಫಿಯಟ್ ಟೈರ್ ಒಂದ್ಸಲ ನೋಡಿ ಹೇಳ್ಬಿಡಿ. ಶನಿವಾರ ಅಮ್ಮನ್ನ ಕರ್ಕೊಂಡು ತಿರುಪತಿಗೆ ಹೋಗ್ಬೇಕು. ನೀವು ಎಕ್ಸ್‌ಪರ್ಟು."

ಉಗ್ರಪ್ಪ ಬರಿಗಾಲಲ್ಲೇ ಕಾರಿನ ಸುತ್ತ ಬಂದ. ಮುಂದಿನ ಎಡಗಡೆಯ ಟೈರಿನ ಒಳಮಗ್ಗುಲು ಬಿರಿದು, ಬೆರಳುದ್ದದ ಬಾಯಿಯಲ್ಲಿ ನೂಲು ಕಾಣುತ್ತಿತ್ತು. ಅದನ್ನು ಮುಟ್ಟಿ ನೋಡಿದ. ಎದ್ದು ಕೈ ಒರೆಸಿಕೊಂಡ.

"ಫಸ್ಟ್ ಕ್ಲಾಸಾಗಿದೆ ಸಾರ್," ಎಂದ. "ಧಾರಾಳವಾಗಿ ಹೋಗ್ಬನ್ನಿ."