ಕರೆಮ್ಮ ಒಪ್ಪದ ಆಣೆ

ಸಂಡೂರಿನ ಒಂದು ಮಹಿಳಾ ನೆರವು ಕೇಂದ್ರದಲ್ಲಿ ಕರೆಮ್ಮನಿಗೆ ಹನ್ನೊಂದು ವರ್ಷದಿಂದ ಅಡುಗೆ ಕೆಲಸ. ಗಣಿ ಕೆಲಸಕ್ಕೆ ಕಲಬುರಗಿಯಿಂದ ವಲಸೆ ಬಂದ ಗೌತಮಿಗೆ ಗಂಡ ಹೊಡೆದಾಗ, ಕೇರಿಯ ಹಿರಿಯರು ಅವನ ಕೈಯಲ್ಲಿ ಮೈಲಾರಲಿಂಗನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಮುಟ್ಟಿಸಿ ಆಣೆ ಮಾಡಿಸಿದ್ದರು. ದಂಪತಿ ಬೌದ್ಧರು, ಅವರ ಗೋಡೆಯ ಮೇಲಿನ ಬುದ್ಧನ ಪಟ ಒಬ್ಬ ಹಿರಿಯನಿಗೂ ಕಾಣಲಿಲ್ಲ. ಗಂಡ ನಗುತ್ತಲೇ ಭಂಡಾರ ಮುಟ್ಟಿದ, ವಾರದೊಳಗೆ ಅವಳ ಕೈ ಮುರಿದ. ಗೌತಮಿ ಮನೆ ಬಿಟ್ಟು ಕೇಂದ್ರ ಸೇರಿದಳು.

ಹಿರಿಯರು ಕೇಂದ್ರಕ್ಕೂ ಬಂದರು. "ಇನ್ನೊಮ್ಮೆ ಆಣೆ ಮಾಡಸ್ತೀವಿ, ಆಕೀನ ಕಳಸ್ರಿ."

ಕರೆಮ್ಮ ಸೌಟು ಹಿಡಿದೇ ಹೊರಬಂದಳು. "ಅಂವ ನಂಬದ ದೇವ್ರ ಮ್ಯಾಲೆ ಆಣೆ ಮಾಡಿಸೀರಿ. ಭಾಳ ಶ್ಯಾಣ್ಯಾರು ನೀವು! ಮುರಿದಿದ್ದು ನಿಮ್ಮ ಕೈ ಏನು?" ಆಮೇಲೆ ಗೌತಮಿಯತ್ತ ತಿರುಗಿದಳು. "ನೀ ಏನಂತಿ, ತಂಗಿ?"

"ಆಣೆ ಬ್ಯಾಡಕ್ಕ. ಕೇಸ್ ಕೊಡ್ತೀನಿ."

ಕರೆಮ್ಮ ಒಲೆ ಆರಿಸಿ ಅವಳೊಂದಿಗೆ ಠಾಣೆಗೆ ನಡೆದಳು. ಅಂದು ಕೇಂದ್ರದಲ್ಲಿ ಊಟ ತಡವಾಯಿತು, ಯಾರೂ ದೂರಲಿಲ್ಲ.