ಹುಣಸೆ ಮರಕ್ಕೆ ಕುದುರೆ ಎತ್ತಿದ್ದು

ಹದಿನೆಂಟುನೂರಾ ಐವತ್ತಾರನೆಯ ಇಸವಿಯಲ್ಲಿ ನಾನು ರೋಣದಲ್ಲಿ ಸಾಲೋತ್ರಿಯಾಗಿದ್ದೆ. ಸಾಲೋತ್ರಿ ಎಂದರೆ ಕುದುರೆ ವೈದ್ಯ. ತಂದೆಯಿಂದ ಕಲಿತ ವಿದ್ಯೆ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ನಡುವೆ ಕುದುರೆ ಕಟ್ಟಿದ ಮನೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ನನಗೆ ಕರೆ ಬರುತ್ತಿತ್ತು. ಕೀವುಗಟ್ಟಿದ ಗೊರಸು, ಕಡಿವಾಣ ಕೊಯ್ದ ಬಾಯಿ, ಹೊಟ್ಟೆಶೂಲೆ, ಇವೇ ನನ್ನ ನಿತ್ಯದ ಕೆಲಸ. ಮೂವತ್ತು ದಾಟಿದ್ದರೂ ನಾನು ಕಂಡಿದ್ದ ದೊಡ್ಡ ನೀರೆಂದರೆ ತುಂಬಿ ಹರಿಯುವ ಮಲಪ್ರಭೆ ಮಾತ್ರ.

ನವರಾತ್ರಿ ಮುಗಿದ ಹೊಸತರಲ್ಲಿ ಗಜೇಂದ್ರಗಡದ ಸಂತೆಗೆ ಕಂಪನಿ ಸರಕಾರದ ಜಮಾದಾರರೊಬ್ಬರು ಬಂದರು. ಬೆಳಗಾವಿ ಕಡೆಯವರು, ನಮ್ಮ ಮಾತನ್ನೇ ಆಡುತ್ತಿದ್ದರು. ಇರಾಣದ ಶಹನಿಗೂ ಕಂಪನಿ ಸರಕಾರಕ್ಕೂ ಜಗಳ ಹತ್ತಿ, ಮುಂಬಯಿಯಿಂದ ಫೌಜು ಸಮುದ್ರ ದಾಟಿ ಹೋಗುವುದಿತ್ತು. ಅದಕ್ಕೆ ಕುದುರೆ ಕೊಳ್ಳಲು ಬಂದಿದ್ದರು. ಹಲ್ಲು, ಗೊರಸು, ಉಸಿರು ನೋಡಿ ಆರಿಸಿ ಕೊಡಲು ನನ್ನನ್ನು ಕರೆಸಿದರು. ನನ್ನ ಜೊತೆ ಗಜೇಂದ್ರಗಡದ ಇಮಾಮಸಾಬನಿದ್ದ. ಕುದುರೆಗಳಿಗೆ ಲಾಳ ಕಟ್ಟುವುದರಲ್ಲಿ ಅವನಂಥ ಕೈ ನಮ್ಮ ಸೀಮೆಯಲ್ಲಿ ಇರಲಿಲ್ಲ. ಇಬ್ಬರೂ ಸೇರಿ ಹದಿನೆಂಟು ಕುದುರೆ ಆರಿಸಿದೆವು. ಅವುಗಳಲ್ಲಿ ಒಂದು ಕಪ್ಪು ಹೆಣ್ಣು ಕುದುರೆ. ಹೆಸರು ಬಿಜಲಿ. ಹೆಸರಿಗೆ ತಕ್ಕ ಸಿಟ್ಟು.

ವ್ಯಾಪಾರ ಮುಗಿದ ಮೇಲೆ ಜಮಾದಾರರು ಲಾಯದ ಕಟ್ಟೆಯ ಮೇಲೆ ಕುಳಿತು ಒಂದು ಮಾತು ತೆಗೆದರು.

“ರುದ್ರಪ್ಪಾರ, ಹಿಂದ ಒಮ್ಮಿ ಹಿಂಗ ಕುದುರಿ ಹಡಗದಾಗ ಒಯ್ದಿದ್ವಿ. ಆಚಿ ದಂಡಿ ಮುಟ್ಟೂದ್ರಾಗ ಭಾಳ ಸತ್ತು ಹೋದ್ವು. ಗುಂಡು ಹತ್ತಿ ಅಲ್ರಿ, ಹೊಟ್ಟಿಬ್ಯಾನಿಯಿಂದ. ನೋಡಾವ್ರು ಯಾರೂ ಇರಲಿಲ್ಲ. ಈ ಸಲ ಒಬ್ಬ ಸಾಲೋತ್ರಿ ಜೋಡಿ ಬೇಕು. ಹುಕುಮ ಅಲ್ಲ ಮತ್ತ. ಮನಸಿದ್ದಾವ್ರು ಬರಬೇಕು.”

ಆ ಸಾವು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಮನುಷ್ಯನಿಗೆ ಹೊಟ್ಟೆ ತೊಳಸಿದರೆ ಕಾರಿಕೊಳ್ಳುತ್ತಾನೆ. ಕುದುರೆಗೆ ವಾಂತಿಯಾಗುವುದಿಲ್ಲ, ದೇವರು ಅದಕ್ಕೆ ಆ ದಾರಿ ಇಟ್ಟಿಲ್ಲ. ಒಳಗಿನದು ಒಳಗೇ ಉಬ್ಬಿ, ಹೊರಳಾಡಿ ಸಾಯುತ್ತದೆ. ಹೊರಳಾಡಲೂ ಜಾಗವಿಲ್ಲದ ಹಡಗಿನ ಹೊಟ್ಟೆಯಲ್ಲಿ ಅದು ನಿಂತಲ್ಲೇ ಸಾಯಬೇಕು. ಯಾರ ಯುದ್ಧ, ಯಾಕೆ ಎಂಬುದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಆದರೆ ಅದು ಕುದುರೆಯ ಯುದ್ಧವಂತೂ ಅಲ್ಲ.

“ನಾ ಬರ್ತೀನ್ರಿ” ಎಂದೆ.

ಇಮಾಮಸಾಬ ಕೈಲಿದ್ದ ಸುತ್ತಿಗೆ ಕೆಳಗಿಟ್ಟ. “ಸಮುದ್ರಾ ನೋಡಿಯೇನ ರುದ್ರಪ್ಪಣ್ಣ?”

“ಇಲ್ಲ.”

“ನಾನೂ ನೋಡಿಲ್ಲ. ಹಂಗಾರ ನಾನೂ ಬರ್ತೀನಿ.”

ರೋಣಕ್ಕೆ ಮರಳುವ ದಾರಿಯುದ್ದಕ್ಕೂ ಇಬ್ಬರೂ ಚಿಕ್ಕ ಮಕ್ಕಳಂತೆ ಮಾತಾಡಿದೆವು. ಸಮುದ್ರದ ನೀರು ಖರೇ ಉಪ್ಪಂತೆ, ಆಚೆ ದಂಡೆ ಕಾಣುವುದೇ ಇಲ್ಲವಂತೆ, ಇರಾಣದ ಕುದುರೆಗಳು ಹಾಗಂತೆ, ಹೀಗಂತೆ. ಮನೆಯ ಬಾಗಿಲು ಕಂಡಾಗಲೇ ನೆನಪಾದದ್ದು, ಹೆಂಡತಿಯನ್ನು ಕೇಳಿಯೇ ಇಲ್ಲವೆಂದು.

ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದೆ. ಬಡಿಯುವ ಸಪ್ಪಳ ನಿಂತಿತು.

“ಅಲ್ಲಿ ಜನಾ ಬಡದಾಡಾಕತ್ತಾರಂತ, ಹೌದಿಲ್ರಿ?”

“ಹೌದು.”

“ಯಾವಾಗ ಬರ್ತೀರಿ?”

“ಗೊತ್ತಿಲ್ಲ.”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತಿರುವಿ ಹಾಕಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ: “ಅಷ್ಟ ದೊಡ್ಡ ಕುದುರಿ ಹಡಗಾ ಹ್ಯಾಂಗ ಹತ್ತತಾವ್ರಿ?”

ಹಲಗೆ ಹಾಕುತ್ತಾರೆ, ನಡೆದು ಹತ್ತುತ್ತವೆ ಎಂದುಬಿಟ್ಟೆ. ಆದರೆ ಆ ಪ್ರಶ್ನೆ ಮನಸ್ಸು ಕೊರೆಯತೊಡಗಿತು. ಮರುದಿನ ಜಮಾದಾರರು ಕುದುರೆಗಳೊಂದಿಗೆ ರೋಣಕ್ಕೆ ಬಂದಾಗ ಕೇಳಿದೆ. ಅವರು ನಕ್ಕರು. “ನಡಕೊಂತ ಎಲ್ಲಿ ಹತ್ತತಾವ್ರಿ? ದೊಡ್ಡ ಹಡಗ ದಂಡಿಗೆ ಬರಂಗಿಲ್ಲ. ದೋಣಿಯೊಳಗ ಅದರ ಬಾಜು ಒಯ್ದು, ಹೊಟ್ಟಿಗೆ ಪಟ್ಟಿ ಕಟ್ಟಿ, ಹಗ್ಗಾ ಹಾಕಿ ಮ್ಯಾಲ ಜಗ್ತಾರ. ಒದ್ಯಾಡಿ ಕಾಲ ಮುರಕೊಂಡ್ರ ಅಲ್ಲೇ ಮುಗೀತು.” ಅಷ್ಟು ಹೇಳಿ, ಕುದುರೆಗಳನ್ನು ನಮ್ಮ ವಶಕ್ಕೆ ಬಿಟ್ಟು, ಇನ್ನಷ್ಟು ಕೊಳ್ಳಲು ನರಗುಂದದ ಕಡೆ ಹೋದರು. ದೀಪಾವಳಿ ಮುಗಿಯುತ್ತಲೇ ಮರಳುವವರಿದ್ದರು.

ಹೀಗೆ ನಮ್ಮ ತಯಾರಿ ಶುರುವಾಯಿತು. ಸಮುದ್ರವೇ ಇಲ್ಲದ ಎರೆಮಣ್ಣಿನ ಸೀಮೆಯಲ್ಲಿ ಕುದುರೆಗಳಿಗೆ ಸಮುದ್ರ ಕಲಿಸುವ ಕೆಲಸ! ಮೊದಲು ಮೇವು. ಕಾಳು ತಿಂದು ಸುಮ್ಮನೆ ನಿಂತ ಕುದುರೆಗೆ ಶೂಲೆ ಬೇಗ ಹಿಡಿಯುತ್ತದೆ. ಆದ್ದರಿಂದ ಕಡಲೆ, ಹುರುಳಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ನೆನೆಸಿದ ಗೋಧಿ ಹೊಟ್ಟು ರೂಢಿ ಮಾಡಿಸಿದೆ. ಆಮೇಲೆ ದುಂಡನೆಯ ತೊಲೆಗಳ ಮೇಲೆ ಹಲಗೆ ಹಾಸಿ, ಕುದುರೆಗಳನ್ನು ಒಂದೊಂದಾಗಿ ನಿಲ್ಲಿಸಿ ಅತ್ತಿತ್ತ ತೂಗಿದೆವು. ಮೊದಮೊದಲು ಹೆದರಿ ಜಿಗಿದವು, ನಾಲ್ಕಾರು ದಿನಕ್ಕೆ ಕಾಲಗಲಿಸಿ ನಿಲ್ಲಲು ಕಲಿತವು. ಹೊಟ್ಟೆಯ ಪಟ್ಟಿಯನ್ನು ಗಂಗವ್ವ ಹೊಲಿದಳು. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಕೌದಿ ಹೊಲಿದಂತೆ ಹಳೆ ಬಟ್ಟೆಯನ್ನು ಪದರಪದರವಾಗಿ ಹಾಕಿ, ಹಾಡು ಹೇಳುತ್ತ ಹೊಲಿದರು. ಅದರ ಎರಡೂ ತುದಿಗೆ ಹಗ್ಗ ಬಿಗಿದೆವು.

ನನ್ನ ದೊಡ್ಡಪ್ಪ ಒಂದು ಸಂಜೆ ಬಂದು ಸಿಟ್ಟು ಮಾಡಿದ. “ಸಮುದ್ರಾ ದಾಟಿ ಬಂದಾಂವನ್ನ ನಾಳಿ ಪಂಕ್ತಿಯೊಳಗ ಯಾರು ಕೂಡಿಸ್ಕೋತಾರ?”

ಗಂಗವ್ವ ಸೂಜಿಯಿಂದ ತಲೆ ಎತ್ತಲಿಲ್ಲ. “ಮಾವಾರ, ಬಂದ ಮ್ಯಾಲ ಮದ್ಲ ನನ್ನ ಕೈಯಾಗ ಉಣ್ತಾರ. ಆಮ್ಯಾಲ ನಿಮ್ಮ ಪಂಕ್ತಿ ವಿಚಾರಾ ಮಾಡೂಣಂತ.”

ದೊಡ್ಡಪ್ಪ ಗೊಣಗುತ್ತ ಎದ್ದು ಹೋದ.

ಪರೀಕ್ಷೆಯ ದಿನ ಊರ ಹೊರಗಿನ ತೋಟದ ಹುಣಸೆ ಮರದ ಕೆಳಗೆ ಅರ್ಧ ಊರೇ ಸೇರಿತ್ತು. ಹತ್ತಿ ತುಂಬಿದ ಅಂಡಿಗೆಗಳನ್ನು ಎತ್ತುವ ಗಡಗಡಿ ರಾಟೆಯನ್ನು ಒಬ್ಬ ವ್ಯಾಪಾರಿ ಕೊಟ್ಟಿದ್ದರು. ಅದನ್ನು ದಪ್ಪ ಕೊಂಬೆಗೆ ಬಿಗಿದೆವು. ಬಿಜಲಿಯೇ ಮೊದಲಾಗಲಿ, ಅವಳು ಒಪ್ಪಿದರೆ ಉಳಿದವು ಸುಲಭ ಎಂದೆ. ಹನ್ನೆರಡು ಗಂಡಾಳು ಹಗ್ಗ ಹಿಡಿದರು.

“ಮೆಲ್ಲಕ ಜಗ್ರಿ, ಮೆಲ್ಲಕ” ಎಂದು ನಾನೇ ಹೇಳಿದೆ.

ಮುಂಗಾಲು ಎದ್ದವು. ಹಿಂಗಾಲಿನ ಗೊರಸು ನೆಲ ಕೆರೆಯತೊಡಗಿದ್ದೇ ತಡ, ಬಿಜಲಿ ಕಿರುಚಿ ಒದೆಯತೊಡಗಿದಳು. ಒಂದು ಒದೆ ಇಮಾಮಸಾಬನ ಭುಜಕ್ಕೆ ಬಿತ್ತು. ಅವನು ದೂರ ಹೋಗಿ ಬಿದ್ದ. ಹೆದರಿದ ಆಳುಗಳು ಇದ್ದಷ್ಟು ಬಲ ಹಾಕಿ ಒಮ್ಮೆ ಜಗ್ಗಿದರು, ಕುದುರೆ ಪೂರ್ತಿ ಮೇಲೆದ್ದಿತು. ಅಷ್ಟರಲ್ಲಿ ಹಗ್ಗ ಅವರ ಕೈ ಜಾರಿತು. ಬಿಜಲಿ ಮಗ್ಗುಲಾಗಿ ನೆಲಕ್ಕೆ ಬಿದ್ದಳು.

ನಾನು ಓಡಿ ಹೋಗಿ ನಾಲ್ಕೂ ಕಾಲು ಮುಟ್ಟಿ ನೋಡಿದೆ. ಅವಳು ತಾನಾಗಿಯೇ ಎದ್ದು ನಿಂತು ಮೈ ಕೊಡವಿದಳು. ಏನೂ ಮುರಿದಿರಲಿಲ್ಲ. ಆದರೆ ಜನ ಸದ್ದಿಲ್ಲದೆ ಕರಗಿದರು. “ಸಾಕಿನ್ನ” ಎಂದು ಹೇಳಿ ದೊಡ್ಡಪ್ಪನೂ ಹೋದ. ಜಮಾದಾರರು ಬರುವ ದಿನ ಸಮೀಪಿಸಿತ್ತು. ಇಲ್ಲಿ ಎತ್ತಲಾರದವನು ಅಲ್ಲಿ ಏನು ನೋಡಿಕೊಂಡಾನು ಎನ್ನಿಸಿತು.

ಇಮಾಮಸಾಬ ಭುಜಕ್ಕೆ ಅರಿಶಿನ ಹಚ್ಚಿಸಿಕೊಂಡು ನನ್ನ ಪಕ್ಕ ಬಂದು ಕುಳಿತ. “ಒಂದ ಮಾತ ರುದ್ರಪ್ಪಣ್ಣ. ಕಡೀಕ ಪೂರಾ ಗಾಳಿಯೊಳಗ ಇದ್ಲಲ್ಲ, ಆವಾಗ ಒದಿಲಿಲ್ಲ. ನೀ ನೋಡಿದೇನ?”

ನಾನೂ ನೋಡಿದ್ದೆ. ನೋಡಿಯೂ ತಲೆಗೆ ಹೋಗಿರಲಿಲ್ಲ. ನೆಲ ಗೊರಸಿಗೆ ತಾಕುತ್ತಿರುವತನಕ ಕುದುರೆ ತಪ್ಪಿಸಿಕೊಳ್ಳಲು ಹೆಣಗುತ್ತದೆ. ನೆಲವೇ ಇಲ್ಲವಾದರೆ ಯಾವುದನ್ನು ಒದೆಯಬೇಕು? ತಪ್ಪಾದದ್ದು ಎತ್ತಿದ್ದರಲ್ಲಿ ಅಲ್ಲ, ಮೆಲ್ಲಗೆ ಎತ್ತಿದ್ದರಲ್ಲಿ!

ಆಳುಗಳ ಕೈಯಲ್ಲಿ ಆ ವೇಗ ಬರಲಾರದು. ಅದೇ ತೋಟದ ಬಾವಿಯಲ್ಲಿ ನೀರೆತ್ತುವ ಎತ್ತುಗಳಿದ್ದವು. ತೊಗಲಿನ ಚೀಲ ತುಂಬುತ್ತಲೇ ಇಳಿಜಾರಿನಲ್ಲಿ ಒಂದೇ ಉಸಿರಿಗೆ ಓಡುವ ಎತ್ತುಗಳವು. ಮರುದಿನ ಬೆಳಗ್ಗೆ ಹಗ್ಗವನ್ನು ಅವುಗಳ ನೊಗಕ್ಕೆ ಕಟ್ಟಿದೆವು. ಈ ಸಲ ನೋಡಲು ಬಂದವರು ಕೆಲವರೇ. ಗಂಗವ್ವ ಪಟ್ಟಿಯ ಹೊಲಿಗೆಯನ್ನು ಬೆರಳಿನಿಂದ ಉದ್ದಕ್ಕೂ ಒತ್ತಿ ನೋಡಿ, “ಹೊಲಿಗಿ ಗಟ್ಟಿ ಐತ್ರಿ. ಹೊಡೀರಿ” ಎಂದಳು.

ಎತ್ತುಗಳು ಓಡಿದವು. ಗಡಗಡಿ ಕಿರ್ರೆಂದಿತು. ಕಣ್ಣು ಪಿಳುಕಿಸುವಷ್ಟರಲ್ಲಿ ಬಿಜಲಿ ನೆಲ ಬಿಟ್ಟು ಆಳೆತ್ತರಕ್ಕೆ ಹೋಗಿದ್ದಳು! ನಾಲ್ಕೂ ಕಾಲು ಸಡಿಲ ಬಿಟ್ಟು, ತಾಯಿ ಕಚ್ಚಿಕೊಂಡ ಬೆಕ್ಕಿನ ಮರಿಯಂತೆ ಸುಮ್ಮನೆ ತೂಗಾಡುತ್ತಿದ್ದಳು. ಕಿವಿ ನೆಟ್ಟಗೆ ಮಾಡಿ ಹುಣಸೆ ಎಲೆಗೆ ಬಾಯಿ ಹಾಕಿದಳು! ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಕುಳಿತುಬಿಟ್ಟಳು. ಇಮಾಮಸಾಬ ಒಂದೇ ಕೈ ಎತ್ತಿ ಕುಣಿದ. ಸುದ್ದಿ ಕೇಳಿ ಊರು ಮತ್ತೆ ಓಡಿ ಬಂತು, ಎಲ್ಲರಿಗಿಂತ ಮುಂದೆ ದೊಡ್ಡಪ್ಪ. ದೀಪಾವಳಿಯೊಳಗೆ ಹದಿನೆಂಟೂ ಕುದುರೆಗಳು ಆ ಮರಕ್ಕೆ ಏರಿ ಇಳಿದವು.

ಜಮಾದಾರರು ಮರಳಿ ಬಂದು ನಾವು ಹೊರಟ ದಿನ ಗಂಗವ್ವ ನರಗುಂದದ ದಾರಿಯ ತಿರುವಿನತನಕ ಬಂದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟು, “ಕುದುರಿ ಜೋಡಿ ನಿಮ್ಮ ಹೊಟ್ಟೀನೂ ನೋಡ್ಕೋರಿ” ಎಂದಳು. ನಾನು ತಿರುಗಿ ತಿರುಗಿ ನೋಡಿದೆ. ಆದರೂ ಸುಳ್ಳು ಹೇಳಲಾರೆ, ಕಾಲು ಮುಂದೆ ಮುಂದೆ ಎಳೆಯುತ್ತಿದ್ದವು.

ಘಟ್ಟ ಇಳಿದು ವೆಂಗುರ್ಲೆಯ ದಂಡೆಯಲ್ಲಿ ಸಮುದ್ರ ಕಂಡೆವು. ಇಮಾಮಸಾಬ ಓಡಿ ಹೋಗಿ ಬೊಗಸೆ ನೀರು ಕುಡಿದು, ಮುಖ ಕಿವುಚಿ, “ಖರೇ ಉಪ್ಪು!” ಎಂದು ಕೂಗಿದ. ಹಡಗಿನ ಖಲಾಸಿಗಳು ಕುದುರೆಗಳನ್ನು ಎತ್ತುವುದು ಕಂಡು ನಮಗೆ ನಗು ಬಂತು. ನಾವು ಇಷ್ಟು ಪಾಡುಪಟ್ಟು ಕಲಿತದ್ದು ಅವರಿಗೆ ಹುಟ್ಟಿನಿಂದ ಗೊತ್ತಿದ್ದಂತಿತ್ತು. ಹೋ ಎಂದು ಕೂಗಿ ಒಂದೇ ಏಟಿಗೆ ಎಳೆಯುತ್ತಿದ್ದರು. ಆದರೂ ಬೇರೆ ಕಡೆಯ ಕುದುರೆಗಳು ಪಟ್ಟಿ ಕಂಡರೇ ಬೆದರಿ ಜಗ್ಗಾಡುತ್ತಿದ್ದವು. ನಮ್ಮವು ತಾವಾಗಿ ಹೊಟ್ಟೆ ಕೊಟ್ಟು ನಿಂತವು. “ಇವು ಯಾವ ಬಂದರಿನವು?” ಎಂದು ಖಲಾಸಿಯೊಬ್ಬ ಕೇಳಿದ. “ರೋಣ ಬಂದರಿನವು” ಎಂದು ಜಮಾದಾರರು ಗಂಭೀರವಾಗಿ ಹೇಳಿದರು.

ದಾರಿಯಲ್ಲಿ ಎರಡು ಕುದುರೆಗಳು ಶೂಲೆಗೆ ತುತ್ತಾದವು. ಎಷ್ಟು ಹೊಟ್ಟೆ ತಿಕ್ಕಿದರೂ ಉಳಿಯಲಿಲ್ಲ. ಉಳಿದ ಹದಿನಾರು ಇರಾಣದ ದಂಡೆ ಮುಟ್ಟಿದವು. ಮರಳು ಕಾಲಿಗೆ ತಾಕುತ್ತಲೇ ಬಿಜಲಿ ನೆಲಕ್ಕೆ ಬಿದ್ದು ಹೊರಳಾಡಿದಾಗ ಸಿಪಾಯಿಗಳು ಹೆದರಿ ನನ್ನನ್ನು ಕೂಗಿದರು. ನಾನು ನೋಡಿದೆ. ಅದು ಶೂಲೆಯಲ್ಲ, ಸಂತೋಷ.

ಆ ಯುದ್ಧ ಕೆಲವೇ ತಿಂಗಳಲ್ಲಿ ಮುಗಿಯಿತು, ನಾವಿಬ್ಬರೂ ಮನೆಗೆ ಮರಳಿದೆವು. ಆಮೇಲೆ ಬಹಳ ವರ್ಷ ವೈದ್ಯಕಿ ಮಾಡಿದೆ. ಕೀವು ತುಂಬಿದ ಗೊರಸು ಕೊಯ್ಯುವಾಗ, ಸರಿದ ಕೀಲು ಕೂಡಿಸುವಾಗ, ಕೈ ತಡೆದರೆ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ: ಈ ನಿಧಾನ ಯಾರಿಗಾಗಿ? ಬಹಳ ಸಲ ಅದು ಪ್ರಾಣಿಯ ಮೇಲಿನ ಕರುಣೆಯಾಗಿರುತ್ತಿರಲಿಲ್ಲ. ಬರೀ ನನ್ನ ಅಂಜಿಕೆಯಾಗಿರುತ್ತಿತ್ತು.