ಗೇರಿಲ್ಲದ ಪಿಕಪ್

ಗಾಡಿ ಚೆನ್ನಾಗಿದೆ. ಮನೆಗೆ ಬಂದವರು ಬೇರೆಲ್ಲ ಕೇಳಿ ಮುಗಿದ ಮೇಲೆ ಅಂಗಳದ ಕಡೆ ನೋಡಿ ಅದನ್ನೂ ಕೇಳುತ್ತಾರೆ, ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ. ಎಂಜಿನ್ ಇದುವರೆಗೆ ದಾರಿಯಲ್ಲಿ ಕೈಕೊಟ್ಟಿಲ್ಲ. ಗೇರ್‌ಬಾಕ್ಸ್ ಒಮ್ಮೆ ಹೆದರಿಸಿತು, ಮತ್ತೆ ಸರಿಯಾಯಿತು. ಅದನ್ನು ಓಡಿಸುತ್ತಿದ್ದ ನನ್ನ ಗಂಡ ಈಗ ಇಲ್ಲ.

ಅವರದ್ದು ಬಾಳೆಗೊನೆಯ ವ್ಯಾಪಾರ. ಸುಳ್ಯದ ಅಜ್ಜಾವರದಿಂದ, ಕಡಬದ ಸುತ್ತಿನ ಊರುಗಳಿಂದ ನೇಂದ್ರ, ಕದಳಿ ಗೊನೆಗಳನ್ನು ತೋಟದಲ್ಲೇ ನೋಡಿ, ಕಡಿಸಿ, ಪಿಕಪ್‌ನಲ್ಲಿ ಹೇರಿ ಪುತ್ತೂರಿನ ಮಂಡಿಗೆ ತರುತ್ತಿದ್ದರು. ನಮ್ಮ ಮನೆ ಕೊಯಿಲದಲ್ಲಿ, ಸರಕಾರದ ಜಾನುವಾರು ಫಾರ್ಮ್‌ಗೆ ಹತ್ತಿರ. ಮದುವೆಯಾಗಿ ಬಂದಂದಿನಿಂದ ನಾನು ಒಗೆದದ್ದು ಬಾಳೆಯ ಸೊನೆ ಹಿಡಿದ ಅಂಗಿಗಳನ್ನೇ. ಆ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ. ಶುಕ್ರವಾರದ ನಮಾಝಿಗೆಂದು ಬಿಳಿ ಅಂಗಿಯನ್ನು ಬೇರೆಯೇ ಎತ್ತಿಡುತ್ತಿದ್ದೆ.

ಅವರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು. ಒಮ್ಮೆ ಎಡಗಾಲಿಗೆ ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಬೆರಳುಗಳನ್ನು ತೆಗೆಯಬೇಕಾಯಿತು. ಗಾಯ ಮಾಗಿತು, ಆದರೆ ಪಾದಕ್ಕೆ ಮುಟ್ಟಿದ್ದು ಗೊತ್ತಾಗದಂತೆ ಆಯಿತು. ಕ್ಲಚ್ ಎಷ್ಟು ಒತ್ತಿದೆ, ಎಷ್ಟು ಬಿಟ್ಟಿದೆ ಎಂಬುದು ಕಾಲಿಗೆ ತಿಳಿಯದಿದ್ದರೆ ಗಾಡಿ ಓಡಿಸುವುದು ಹೇಗೆ? ಹಳೆಯ ಪಿಕಪ್ ಅಂಗಳದಲ್ಲಿ ನಿಂತಿತು. ಅವರು ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. 

ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ನನ್ನ ತಮ್ಮ ಒಂದು ದಿನ ಹೇಳಿದ. (ನಮ್ಮ ಮನೆಯ ಮಾತು ಬ್ಯಾರಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.)

"ಭಾವ, ನೀವು ಯಾಕೆ ಹೀಗೆ ಕೂತದ್ದು? ಆಟೋಮ್ಯಾಟಿಕ್ ತೆಗೊಳ್ಳಿ. ಅಲ್ಲಿ ನಾವು ಓಡಿಸಿದ್ದು ಎಲ್ಲ ಅದೇ. ಎಡಗಾಲಿಗೆ ಕೆಲಸವೇ ಇಲ್ಲ."

"ಅಲ್ಲಿ ನಿಮ್ಮದು ಮರಳು, ಚಪ್ಪಟೆ ರಸ್ತೆ. ಇಲ್ಲಿ ಅಜ್ಜಾವರದ ಏರಿಗೆ ಲೋಡು ಹಾಕಿ ಹತ್ತಬೇಕು."

"ಈಗ ಇಲ್ಲಿಯೂ ಬಂದುಂಟು. ಹೊಸ ಪಿಕಪ್."

ಮರುದಿನ ಇವರು ನನ್ನನ್ನೂ ಕರೆದುಕೊಂಡು, ತಮ್ಮನ ಕಾರಿನಲ್ಲಿ ಪುತ್ತೂರಿನ ಗ್ಯಾರೇಜಿಗೆ ಹೋದರು. ಅಲ್ಲಿಯ ಮೇಸ್ತ್ರಿ ಇವರ ಹಳೆಯ ಗಾಡಿಯನ್ನು ಮೊದಲಿನಿಂದ ನೋಡಿಕೊಂಡವರು. ಇವರಿಬ್ಬರೂ ಒಬ್ಬರನ್ನೊಬ್ಬರು ಬೈಯದೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಗೇರಿಲ್ಲದ ಗಾಡಿಯಾ?" ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನಕ್ಕರು. "ಸಾಯ್ಬ್ರೆ, ನಿಮಗೆ ಎಂತ ಮರ್ಲಾ? ಪುತ್ತೂರಲ್ಲಿ ಎಲ್ಲಿ ನೋಡಿದ್ರೂ ಗೇರು. ಗುಡ್ಡೆ ತುಂಬಾ ಗೇರು. ನಿಮಗೆ ಮಾತ್ರ ಗೇರು ಬೇಡ!"

ನಮ್ಮ ಕಡೆ ಗೋಡಂಬಿ ಮರಕ್ಕೂ ಗೇರು ಎಂದೇ ಹೇಳುವುದು. ಇವರು ಕಾಲಿನ ಬೆರಳು ಹೋದ ಮೇಲೆ ಮೊದಲ ಬಾರಿಗೆ ಜೋರಾಗಿ ನಕ್ಕರು.

"ತಮಾಷೆ ಸಾಕು. ಆ ಗಾಡಿ ಬಾಳಿಕೆ ಬರ್ತದಾ, ಅದು ಹೇಳಿ."

"ಎಂಜಿನ್ ಬರ್ತದೆ, ಅದು ತೊಂದರೆ ಇಲ್ಲ. ಗೇರ್‌ಬಾಕ್ಸ್ ನಾನು ಹೇಳ್ಳಿಕ್ಕಿಲ್ಲ. ಹಾಳಾದ್ರೆ ನನ್ನ ಹತ್ರ ತರಬೇಡಿ. ಅದಕ್ಕೆ ಸ್ಪ್ಯಾನರ್ ಅಲ್ಲ, ಕಂಪ್ಯೂಟರ್ ಹಾಕಬೇಕು. ಮತ್ತೆ ಏರಿನಲ್ಲಿ ನಿಂತು ಹೊರಡುವಾಗ ಒಂದು ಗಳಿಗೆ ಹಿಂದೆ ಬರ್ತದೆ. ಅದು ಕಾಲಿನ ಕ್ಲಚ್ಚಿನ ಹಾಗಲ್ಲ, ಯೋಚನೆ ಮಾಡಿ ಹಿಡಿಯುದು."

"ನನ್ನ ಕಾಲು ಈಗ ಯೋಚನೆ ಸಹ ಮಾಡುದಿಲ್ಲ ಮಾರಾಯ್ರೆ," ಎಂದರು ಇವರು.

ಹಳೆಯದು ಹೋಗಿ ಹೊಸ ಗಾಡಿ ಬಂತು. ಮೊದಲ ದಿನ ಫಾರ್ಮ್ ಪಕ್ಕದ ಖಾಲಿ ರಸ್ತೆಗೆ ಹೋದೆವು. ಏಳೆಂಟು ಮಾರು ಹೋದೆವೋ ಇಲ್ಲವೋ, ಗಾಡಿ ಧಡಕ್ ಎಂದು ನಿಂತಿತು, ನನ್ನ ಹಣೆ ಮುಂದಿನ ಗಾಜಿಗೆ ತಾಗುವುದರಲ್ಲಿತ್ತು. ಅವರ ಎಡಗಾಲು ಅಭ್ಯಾಸದಿಂದ ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ಪೂರ್ತಿ ಒತ್ತಿತ್ತು. ಮತ್ತೊಮ್ಮೆ ಹೊರಟರು, ಮತ್ತೊಮ್ಮೆ ಧಡಕ್. ಮೇಯಲು ಬಿಟ್ಟ ದನಗಳು ತಲೆ ಎತ್ತಿ ನೋಡಿದವು. ಕೊನೆಗೆ ಅವರು ಚಪ್ಪಲಿ ಕಳಚಿ, ಎಡಗಾಲನ್ನು ಮಡಚಿ, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆಯೇ ಇಟ್ಟುಕೊಂಡರು. ಅಂದಿನಿಂದ ಕೊನೆಯವರೆಗೂ ಅವರು ಗಾಡಿ ಓಡಿಸಿದ್ದು ಹಾಗೆಯೇ. ಬೆರಳಿಲ್ಲದ ಆ ಪಾದ ನನ್ನ ಕಡೆಗೆ ತಿರುಗಿರುತ್ತಿತ್ತು. ಗಾಯವೇನಾದರೂ ಆಗಿದೆಯೇ ಎಂದು ನಾನು ದಾರಿಯುದ್ದಕ್ಕೂ ನೋಡುತ್ತಿದ್ದೆ.

ಮೇಸ್ತ್ರಿ ಹೇಳಿದ್ದು ಸುಳ್ಳಾಗಿರಲಿಲ್ಲ. ಲೋಡು ಇದ್ದಾಗ ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗಾಡಿ ಸ್ವಲ್ಪ ಹಿಂದೆ ಬರುತ್ತಿತ್ತು. ಹ್ಯಾಂಡ್‌ಬ್ರೇಕ್ ಹಾಕಿ ಹೊರಟರೆ ಸಾಕು ಎಂದು ಷೋರೂಮಿನವರು ಹೇಳಿದ್ದರು. ಇವರಿಗೆ ನಂಬಿಕೆ ಬರಲಿಲ್ಲ. ಹಲಸಿನ ಮರದ ತುಂಡೊಂದನ್ನು ಓರೆಯಾಗಿ ಕೆತ್ತಿಸಿ ತಂದರು. ಲಾರಿಯವರು ಚಕ್ರದ ಹಿಂದೆ ಕಲ್ಲು ಇಡುತ್ತಾರಲ್ಲ, ಅದೇ ಕೆಲಸಕ್ಕೆ. ನಾವು ಅದನ್ನು ಅಡ್ಡ ಎನ್ನುತ್ತಿದ್ದೆವು. ಅದನ್ನು ಇಡಲು ಜನ ಬೇಕು. ಹಾಗೆ ನಾನು ಅವರ ಕ್ಲೀನರ್ ಆದೆ.

ಬುರ್ಖಾ ಸರಿಪಡಿಸಿಕೊಂಡು, ಎಡಗಡೆಯ ಬಾಗಿಲು ತೆಗೆದು ಹಾರಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, "ಹೂಂ" ಎನ್ನುವುದು. ಗಾಡಿ ಮುಂದೆ ಹೋದ ಮೇಲೆ ಅಡ್ಡ ಎತ್ತಿಕೊಂಡು ಓಡಿ ಹತ್ತುವುದು. ಅಜ್ಜಾವರದ ಒಬ್ಬ ತೋಟದ ಯಜಮಾನರು ಮೊದಲ ಸಲ ನೋಡಿದಾಗ ಕೇಳಿದರು, "ಎಂತ ಕಾಕ, ಕ್ಲೀನರಿಗೆ ಸಂಬಳ ಎಷ್ಟು?"

"ಸಂಬಳ ಇಲ್ಲ. ಮನೆಯಲ್ಲಿ ಬೈಗಳು ಬೇರೆ ತಿನ್ನಬೇಕು," ಎಂದರು ಇವರು.

"ಯಾರು ಯಾರಿಂದ?"

"ಅದನ್ನು ಕೇಳಬೇಡಿ ಮಾರಾಯ್ರೆ."

ಆ ಹೊತ್ತಿಗೆ ಮೂತ್ರಪಿಂಡವೂ ಸೋತಿತ್ತು. ಪುತ್ತೂರಿನಲ್ಲಿ ಡಯಾಲಿಸಿಸ್ ಶುರುವಾಯಿತು. ಗೊನೆಗಳನ್ನು ಮಂಡಿಯಲ್ಲಿ ಇಳಿಸಿ, ಖಾಲಿ ಗಾಡಿಯಲ್ಲಿ ನೇರ ಆಸ್ಪತ್ರೆಗೆ ಹೋಗಿ ಮಲಗುತ್ತಿದ್ದರು. ಮುಗಿದ ಮೇಲೆ ಸ್ಟಿಯರಿಂಗ್ ಹಿಡಿಯುವ ತ್ರಾಣ ಇರುತ್ತಿರಲಿಲ್ಲ. ತಮ್ಮ ಬಂದು ಕರೆದುಕೊಂಡು ಹೋಗುತ್ತಿದ್ದ. ಅವನಿಗೂ ಅವನ ಕೆಲಸ ಇತ್ತು. ಒಂದು ದಿನ ಇವರೇ ಹೇಳಿದರು, "ನೀನು ಕಲಿ. ಇದರಲ್ಲಿ ಎಂತ ಉಂಟು, ಒತ್ತುದು, ನಿಲ್ಲಿಸುದು." ಅದೇ ಫಾರ್ಮ್ ರಸ್ತೆಯಲ್ಲಿ ಕಲಿತೆ. ನನ್ನ ಎಡಗಾಲಿಗೆ ಮರೆಯಬೇಕಾದ ಅಭ್ಯಾಸ ಯಾವುದೂ ಇರಲಿಲ್ಲವಾದ್ದರಿಂದ ಅವರಿಗಿಂತ ಬೇಗ ಕಲಿತೆ. ಲೈಸೆನ್ಸ್ ಸಿಕ್ಕಿದ ದಿನ ಅವರು ಗಾಡಿಯ ಬಾನೆಟ್ಟಿಗೆ ತಟ್ಟಿ, "ಇನ್ನು ಇದು ಕೈಕೊಡದಿದ್ದರೆ ಸಾಕು," ಎಂದರು.

ಅವರಿಗೆ ಇದ್ದದ್ದು ಅದೊಂದೇ ಹೆದರಿಕೆ. ಕಾಯಿಲೆಯ ಬಗ್ಗೆ ಡಾಕ್ಟರನ್ನು ಎರಡನೆಯ ಪ್ರಶ್ನೆ ಕೇಳಿದವರಲ್ಲ. ಗಾಡಿಯ ಬಗ್ಗೆ ಮಾತ್ರ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು. ಡಯಾಲಿಸಿಸ್ ದಿನ ಅದು ನಡುದಾರಿಯಲ್ಲಿ ನಿಂತರೆ? ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವುದು ಅವರ ಹಳೆಯ ಚಾಳಿ. ಹೊಸ ಗೇರ್‌ಬಾಕ್ಸಿಗೆ ಅದು ಆಗುವುದಿಲ್ಲ ಎಂದು ಯಾರೋ ಹೇಳಿದ ಮೇಲೆ ಅದನ್ನೂ ಬಿಟ್ಟರು. ಸಿಹಿ ಬಿಡಲು ನಾನು ಎಷ್ಟು ಹೇಳಿದ್ದೆ!

ಒಮ್ಮೆ ಆ ಹೆದರಿಕೆ ನಿಜವಾಗುವುದರಲ್ಲಿತ್ತು. ಮಂಡಿಗೆ ಬರುವಾಗ ಒಂದು ಏರಿನಲ್ಲಿ ಗಾಡಿ ನಡುಗಲು ತೊಡಗಿತು. ಎಂಜಿನ್ ಕೂಗುತ್ತಿತ್ತು, ಚಕ್ರ ಎಳೆಯುತ್ತಿರಲಿಲ್ಲ. ಇವರು ಬದಿಗೆ ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದಾಗ ಏನೂ ಆಗದ ಹಾಗೆ ಹೊರಟಿತು. ಷೋರೂಮಿನಲ್ಲಿ ಲ್ಯಾಪ್‌ಟಾಪಿಗೆ ವಯರ್ ಸಿಕ್ಕಿಸಿ ಏನೋ ಮಾಡಿ, ಇನ್ನು ತೊಂದರೆ ಇಲ್ಲ ಎಂದರು. ಮತ್ತೆಂದೂ ನಡುಗಲಿಲ್ಲ. ಇವರು ಮೇಸ್ತ್ರಿಗೆ ಫೋನ್ ಮಾಡಿ, "ನೋಡಿ, ಸ್ಕ್ಯಾನಿಂಗ್ ಮಾಡಿದ್ರು, ಅದರ ಒಳಗೆ ಎಂತದೂ ಇಲ್ಲ ಅಂತೆ. ನನ್ನದು ಮಾಡಿದ್ರೆ ಮಾತ್ರ ಎಲ್ಲವೂ ಉಂಟು," ಎಂದು ನಕ್ಕರು.

ಪಿಕಪ್ ಎಂಬ ಒಂದೇ ಶಬ್ದವನ್ನು ನಮ್ಮವರು ಮೂರು ಕಡೆ ಬಳಸುತ್ತಾರೆ. ಗಾಡಿಯ ಹೆಸರೂ ಅದೇ. ಎಂಜಿನ್ ಚುರುಕಾಗಿ ಎಳೆದರೆ ಪಿಕಪ್ ಉಂಟು ಎನ್ನುತ್ತಾರೆ. ಮಲಗಿದವರು ಎದ್ದು ಗಂಜಿ ಕುಡಿದರೂ ಪಿಕಪ್ ಆಗಿದ್ದಾರೆ ಎನ್ನುತ್ತಾರೆ. ಕೊನೆಯ ಸಲ ಜ್ವರ ಬಂದು ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಬೆಳಿಗ್ಗೆ ರಕ್ತದೊತ್ತಡ ನೋಡಿದ ನರ್ಸ್ ಹುಡುಗಿ ನನಗೆ ಧೈರ್ಯ ಹೇಳಲೆಂದು, "ನಿನ್ನೆಗಿಂತ ಪಿಕಪ್ ಆಗಿದ್ದಾರೆ ಅಲ್ವಾ ಅಕ್ಕ," ಎಂದಳು. ಇವರು ಕಣ್ಣು ಬಿಟ್ಟರು.

"ಕೇಳಿದ್ಯಾ," ಎಂದರು. "ನನಗೂ ಪಿಕಪ್ ಬಂತಂತೆ. ಏರಿನಲ್ಲಿ ಹಿಂದೆ ಬರ್ತದಾ ಕೇಳು."

ನರ್ಸಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನಾನೂ ನಕ್ಕೆ. ಮಧ್ಯಾಹ್ನದ ಬಾಂಗ್ ಕೇಳಿ ಸ್ವಲ್ಪ ಹೊತ್ತಿನ ಮೇಲೆ ಅವರು ಹೋದರು.

ಗಾಡಿ ಆಸ್ಪತ್ರೆಯ ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ಕೀ ನನ್ನ ಚೀಲದಲ್ಲೇ ಇತ್ತು. ತಮ್ಮ ಅದನ್ನು ತೆಗೆದುಕೊಂಡು ನಾನು ಹತ್ತಿದ್ದ ಆಂಬುಲೆನ್ಸಿನ ಹಿಂದೆ ಓಡಿಸಿಕೊಂಡು ಬಂದ. ಹಿಂದಿನ ಗಾಜಿನಲ್ಲಿ ಅದು ಕಾಣುತ್ತಿತ್ತು. ಉಪ್ಪಿನಂಗಡಿ ದಾಟುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಆಮೇಲೆ ನನ್ನ ಇದ್ದಾ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳಿಗೂ ಮೇಲೆ ಮನೆಯೊಳಗೇ ಇರುವ ಕಾಲ ಅದು. ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಕಿಟಕಿಯ ಪರದೆಯ ಒಂದು ಸಂದಿಯಲ್ಲಿ ಗಾಡಿಯ ಮೂತಿ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಎಲೆ ಬಿದ್ದಿತು, ಬೆಕ್ಕು ಮಲಗಿತು. ನಿಂತೇ ಇದ್ದರೆ ಬ್ಯಾಟರಿ ಇಳಿಯುತ್ತದೆ ಎಂದು ಅವರು ಎಷ್ಟೋ ಸಲ ಹೇಳಿದ್ದು ನೆನಪಾಗುತ್ತಿತ್ತು. ಹೋಗಿ ಸ್ಟಾರ್ಟ್ ಮಾಡುವಂತಿರಲಿಲ್ಲ. ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ, ಅಷ್ಟು ದುಃಖದಲ್ಲಿ ಗಾಡಿಯ ಮಾತೇಕೆ ಎಂದುಕೊಂಡಾನು.

ಒಂದು ದಿನ ಅಂಗಳದಲ್ಲಿ ಎಂಜಿನ್ ಸದ್ದಾಯಿತು. ಒಂದು ಕ್ಷಣ ಅವರು ಹೊರಟರು ಎಂದೇ ಅನಿಸಿತ್ತು. ಮೇಸ್ತ್ರಿ ಬಂದಿದ್ದರು. ಅವರು ನನ್ನನ್ನು ಮಾತಾಡಿಸಲಿಲ್ಲ, ನಮ್ಮ ಕ್ರಮ ಅವರಿಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನನ್ನ ತಮ್ಮನಿಗೆ ಮೂರು ಮನೆಗೆ ಕೇಳುವ ಹಾಗೆ ಕೂಗಿ ಹೇಳಿದರು, "ಒಂದೇ ಸ್ಟಾರ್ಟಿಗೆ ಹಿಡೀತು! ಒಳಗೆ ಹೇಳಿ!" ಮತ್ತೆ ಪ್ರತಿ ವಾರ ಬಂದರು. ಸ್ಟಾರ್ಟ್ ಮಾಡಿ, ಬೀಡಿ ಮುಗಿಯುವವರೆಗೆ ಎಂಜಿನ್ ಓಡಲು ಬಿಟ್ಟು, ಕೂಗಿ ಹೇಳಿ ಹೋಗುತ್ತಿದ್ದರು. ಹಾಳಾದರೆ ನನ್ನ ಹತ್ತಿರ ತರಬೇಡಿ ಎಂದವರು ಅವರೇ. ನಾನು ಪರದೆಯ ಹಿಂದೆ ಕೂತು ಆ ಸದ್ದು ಕೇಳುತ್ತ ಅಳುತ್ತಿದ್ದೆ. ವಾರದಲ್ಲಿ ಮನಸ್ಸು ಬಿಚ್ಚಿ ಅಳುತ್ತಿದ್ದದ್ದು ಆ ಹೊತ್ತಿನಲ್ಲೇ, ಎಂಜಿನ್ ಸದ್ದಿಗೆ ಯಾರಿಗೂ ಕೇಳುತ್ತಿರಲಿಲ್ಲ.

ಗಾಡಿ ಕೊಟ್ಟುಬಿಡುವ ಎಂದು ತಮ್ಮ ಹೇಳಿದ. ಕಡಬದಿಂದ ಒಬ್ಬರು ನೋಡಲು ಬಂದರು. ಮೇಸ್ತ್ರಿ ಅಂದು ಅಲ್ಲೇ ಇದ್ದರು.

"ಇದರ ಗೇರ್‌ಬಾಕ್ಸ್ ನಂಬ್ಲಿಕ್ಕೆ ಆಗ್ತದಾ?" ಬಂದವರು ಕೇಳಿದರು.

"ಇಷ್ಟು ಸಮಯ ಆಯ್ತು. ಆಗ್ತದೆ."

"ಏರಿನಲ್ಲಿ ಹಿಂದೆ ಬರ್ತದೆ ಅಂತ ಹೇಳ್ತಾರೆ?"

ಮೇಸ್ತ್ರಿ ಮನೆಯೊಳಗೆ ಕೇಳುವ ಸ್ವರದಲ್ಲೇ ಹೇಳಿದರು, "ಬರ್ತದೆ. ಅಡ್ಡ ಇಡ್ಲಿಕ್ಕೆ ಒಬ್ರು ಬೇಕು. ಒಬ್ರೇ ಓಡಿಸುದಾದ್ರೆ ಧೈರ್ಯ ಬೇಕು."

ಬಂದವರು ಯೋಚಿಸಿ ಹೇಳುತ್ತೇನೆಂದು ಹೋದರು, ಮತ್ತೆ ಬರಲಿಲ್ಲ. ಮೇಸ್ತ್ರಿ ಆ ಮಾತನ್ನು ಯಾರಿಗೆ ಹೇಳಿದ್ದು ಎಂದು ನಾನು ಇವತ್ತಿಗೂ ಕೇಳಿಲ್ಲ. ಆ ಸಂಜೆ ತಮ್ಮನಿಗೆ ಹೇಳಿದೆ, ಗಾಡಿ ಕೊಡುವುದಿಲ್ಲ, ಅಜ್ಜಾವರದ ಗೊನೆಗಳನ್ನು ನಾನೇ ತರುತ್ತೇನೆ ಎಂದು. "ಇದ್ದಾ ಮುಗಿಯಲಿ, ಮತ್ತೆ ನೋಡುವ," ಎಂದ.

ಇದ್ದಾ ಮುಗಿದ ಮೇಲೆ ಮೊದಲ ಲೋಡಿಗೆ ಹೋದೆ. ತೋಟದ ಯಜಮಾನರು ಈ ಸಲ ತಮಾಷೆ ಮಾಡಲಿಲ್ಲ. ಗೊನೆಗಳನ್ನು ತಾವೇ ನಿಂತು ಹೇರಿಸಿದರು. ಜೊತೆಗೆ ಬರಲೇ ಎಂದು ತಮ್ಮ ಕೇಳಿದ್ದಕ್ಕೆ ನಾನು ಬೇಡ ಎಂದಿದ್ದೆ, ಆದ್ದರಿಂದ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, ಹಲಸಿನ ಅಡ್ಡ ಮಾತ್ರ ಇತ್ತು. ತೋಟದಿಂದ ರಸ್ತೆಗೆ ಹತ್ತುವ ಏರಿನ ನಡುವೆ ಎದುರಿನಿಂದ ಜೀಪು ಬಂತು. ನಿಲ್ಲಿಸಲೇಬೇಕಾಯಿತು. ಜೀಪು ದಾಟಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಅಡ್ಡವನ್ನು ಎತ್ತಿಕೊಂಡು, ಇಳಿಯಲೆಂದು ಎಡಗಡೆಯ ಬಾಗಿಲಿಗೆ ಕೈ ಚಾಚಿದೆ. ಕೈ ಅಷ್ಟು ದೂರ ಎಟುಕಲಿಲ್ಲ. ನಾನು ಕೂತದ್ದು ಅವರ ಸೀಟಿನಲ್ಲಿ.

ಅಡ್ಡವನ್ನು ಮೆಲ್ಲನೆ ಸೀಟಿನ ಮೇಲೆ ಇಟ್ಟೆ. ಆಕ್ಸಿಲರೇಟರ್ ಒತ್ತಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಡಿ ಒಂದು ಗಳಿಗೆ ಹಿಂದೆ ಬಂತು, ಆಮೇಲೆ ಹಿಡಿಯಿತು.

ಮಂಡಿಯಲ್ಲಿ ಗೊನೆ ಇಳಿಸಿ ಮನೆಗೆ ಬಂದಾಗ ನೋಡಿದೆ, ಬುರ್ಖಾದ ತೋಳಿನ ಮೇಲೆ ಸೊನೆ ತಾಗಿತ್ತು. ಒಗೆಯಲು ಹಾಕಿಲ್ಲ.